ಏನನ್ನೂ ಮುಚ್ಚಬೇಕಿಲ್ಲದ ಕಂಪ್ಯೂಟರ್

ಸೆಪ್ಟೆಂಬರ್ ೧೮, ಗುರುವಾರ
ಡಿಸೈನ್ ವಿಭಾಗ, ಕಿಟಕಿಯ ಪಕ್ಕದ ಮೇಜು

ಪ್ರೀತಿಯ ಪೆನ್ಸಿಲಕ್ಕ,

ಹೇಗಿದ್ದೀಯ? ಮಂಡಿ ನೋವು ಇಳಿಯಿತೇ? ಮಗಳ ಪರೀಕ್ಷೆ ಮುಗಿಯಿತೇ? ಎರಡು ವರ್ಷ ಸುಮ್ಮನಿದ್ದು ಈಗ ಕ್ಷೇಮ ಕೇಳುವವಳಿಗೆ ನಾಚಿಕೆ ಬೇಡವೇ ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಇದೆ ಅಕ್ಕ, ಬೇಕಾದಷ್ಟಿದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ ಒಂದೇ ಒಂದು ಸಲ "ಇಲ್ಲಿ ಬಿಸಿಲು ಜಾಸ್ತಿ ಕಣೇ" ಎಂದು ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ಮಧ್ಯದಲ್ಲಿ ಇಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಹಾಕುವುದಿದ್ದರೂ ಪೂರ್ತಿ ಓದಿ ಹರಿ.

ಮೊದಲು ಸುದ್ದಿ. ನಾವಿಬ್ಬರೂ ಪಾಳಿಯ ಮೇಲೆ ಕೂತು ತಿಕ್ಕಿದ ಆ ಮುದಿ ಕಂಪ್ಯೂಟರ್ ಕೊನೆಗೂ ಕಣ್ಣು ಮುಚ್ಚಿತು. ಹೊಸದನ್ನು ಆರಿಸುವ ಕೆಲಸ ನನ್ನ ತಲೆಗೆ ಬಂತು. ಬಂತು ಅನ್ನುವುದೇನು, ನಾನೇ ಎಳೆದುಕೊಂಡೆ. ಇಲ್ಲದಿದ್ದರೆ ಮ್ಯಾನೇಜರ್ ಆಗಲೇ ಒಬ್ಬ ಅಂಗಡಿಯವನನ್ನು ಕರೆಸಿ ಕೂರಿಸಿದ್ದರು. ಅವನು ತಂದ ಪೆಟ್ಟಿಗೆಯನ್ನು ನೀನು ನೋಡಬೇಕಿತ್ತು. ಪಕ್ಕಕ್ಕೆಲ್ಲ ಗಾಜು, ಒಳಗೆ ಬಣ್ಣ ಬದಲಿಸುವ ದೀಪ. ಐಸ್‌ಕ್ರೀಮ್ ಅಂಗಡಿಯನ್ನೇ ಹೊತ್ತು ತಂದಿದ್ದಾನೇನೋ ಅನ್ನಿಸಿತು.

"ಮೂವತ್ತೆರಡು ಕೋರ್ ಇದೆ ಮೇಡಂ. ಮೂವತ್ತೆರಡು ಜನ ಒಟ್ಟಿಗೆ ಕೆಲಸ ಮಾಡಿದ ಹಾಗೆ," ಎಂದ.

"ನಮ್ಮ ಸಾಫ್ಟ್‌ವೇರಲ್ಲಿ ಮೂವತ್ತೊಂದು ಜನ ಕೈಕಟ್ಕೊಂಡು ನಿಂತಿರ್ತಾರೆ," ಎಂದೆ.

ಅವನು ನಕ್ಕ, ತಮಾಷೆ ಅಂದುಕೊಂಡ. ನಾವು ಪರದೆಯ ಮೇಲೆ ಯಂತ್ರದ ನಕ್ಷೆ ಕಟ್ಟುವುದು ಹೇಗೆಂದು ನಿನಗಾದರೆ ಬಿಡಿಸಿ ಹೇಳಬೇಕಿಲ್ಲ. ತಳದ ಪ್ಲೇಟಿನ ಮೇಲೆ ತೂತು, ತೂತಿಗೆ ಬೋಲ್ಟು, ಬೋಲ್ಟಿನ ಮೇಲೆ ಮತ್ತೊಂದು ಭಾಗ. ಒಂದರ ಲೆಕ್ಕ ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ. ಗೋಡೆಗೆ ಬಣ್ಣ ಹೊಡೆಯಲು ಹತ್ತು ಜನ ಬಂದರೆ ಬೇಗ ಮುಗಿಯುತ್ತದೆ. ಸ್ವೆಟರ್ ಹೆಣೆಯಲು ಕೈಚುರುಕಿನ ಒಬ್ಬಳು ಬೇಕು. ನಮ್ಮದು ಸ್ವೆಟರ್ ಕೆಲಸ ಎಂದು ಹೇಳಿದೆ. ಕೋರ್ ಕಡಿಮೆ ಇದ್ದರೂ ಒಂದೊಂದೂ ವೇಗವಾಗಿರಬೇಕು, ಮೆಮೊರಿ ಧಾರಾಳವಾಗಿರಬೇಕು, ಗ್ರಾಫಿಕ್ಸ್ ಕಾರ್ಡ್ ಸಾಫ್ಟ್‌ವೇರ್‌ನವರೇ ಒಪ್ಪಿದ್ದಾಗಿರಬೇಕು, ಆಟಕ್ಕೆ ಮಾಡಿದ್ದು ಬೇಡ ಎಂದೂ ಹೇಳಿದೆ.

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. "ಏನು ತಂದ್ರೂ ನಿಮಗೊಂದು ಕೊಂಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಅದೇ ಮಾತು ಅಕ್ಕ! ದೊಡ್ಡ ಕಂಪ್ಯೂಟರ್ ಕೊಡಿ ಎಂದು ನೀನು ಮೂರು ಸಲ ಬರೆದು ಕೊಟ್ಟಾಗ ನಿನ್ನ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದು. ಆಗ ನಾನು ತಲೆ ತಗ್ಗಿಸಿ ಕೂತಿದ್ದೆ. ಈ ಸಲ ಮೈಯೆಲ್ಲ ಉರಿದುಹೋಯಿತು.

"ಆಗಲಿ ಸಾರ್, ಕುಣಿದೇ ನೋಡೋಣ. ಎರಡು ನೆಲ ತರ್ಸಿ," ಎಂದೆ.

ಎರಡನೆಯದನ್ನು ನಾನೇ ಇನ್ನೊಂದು ಅಂಗಡಿಯಿಂದ ಎರಡು ದಿನದ ಮಟ್ಟಿಗೆ ತರಿಸಿದೆ. ಕಪ್ಪು ಪೆಟ್ಟಿಗೆ, ದೀಪವಿಲ್ಲ, ಗಾಜಿಲ್ಲ, ಹಳೆಯ ಟ್ರಂಕಿನಷ್ಟು ಅಂದಗೇಡಿ. ಮಂಗಳವಾರ ಮಾಲೀಕರ ಎದುರಿಗೇ ಪರೀಕ್ಷೆ ಎಂದಾಯಿತು. ಅಂಗಡಿಯವನು ತನ್ನ ಪೆಟ್ಟಿಗೆಯ ಜೋರು ತೋರಿಸಲು ಗಿರಗಿರ ತಿರುಗುವ ಹಲ್ಲಿನ ಚಕ್ರದ ಒಂದು ಸಿನಿಮಾ ತಂದಿದ್ದ. ಅದು ಬೇಡ, ನಮ್ಮದೇ ಫೈಲು ಇದೆ ಎಂದೆ. ಬಾಟಲಿ ತುಂಬುವ ಯಂತ್ರ, ಏಳು ಸಾವಿರದ ಇನ್ನೂರು ಭಾಗ.

ಹೌದು ಅಕ್ಕ, ಅದೇ.

ಆ ಫೈಲಿನ ಹೆಸರೆತ್ತಿದರೆ ಇಲ್ಲಿ ಈಗಲೂ ದನಿ ತಗ್ಗುತ್ತದೆ. ಹಳೆಯ ಕಂಪ್ಯೂಟರ್ ಅದನ್ನು ಪೂರ್ತಿ ಹೊರಲಾರದೆ ಒದ್ದಾಡುತ್ತಿತ್ತಲ್ಲ, ಬೇಡದ ಭಾಗಗಳನ್ನು ಪರದೆಯಲ್ಲಿ ಕಾಣದಂತೆ ಮುಚ್ಚಿಟ್ಟು ಕೆಲಸ ಮಾಡುತ್ತಿದ್ದೆವು. ಬೆಳಗಿನ ಪಾಳಿ ನಾನು, ಮಧ್ಯಾಹ್ನದ ಪಾಳಿ ನೀನು. ಏನನ್ನು ಮುಚ್ಚಿದೆ ಎಂದು ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿ ಹೋಗಬೇಕು ಎಂಬುದು ನಮ್ಮಿಬ್ಬರದೇ ಕಾನೂನು. ಆ ದಿನ ಬಿಸಿನೀರಿನ ಪೈಪುಗಳು ಮುಚ್ಚಿದ್ದವು, ನೀನು ಅದೇ ಜಾಗಕ್ಕೆ ಬೀಸಿ ಬರುವ ಹಾಗೆ ಬಾಟಲಿ ಎತ್ತುವ ತೋಳನ್ನು ಕೂರಿಸಿದೆ. ಪೈಪು ಜೋಡಿಸುವುದು ಗಿರಾಕಿಯ ಜಾಗದಲ್ಲೇ ಆದ್ದರಿಂದ ನಮ್ಮ ಶೆಡ್ಡಿನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಅಲ್ಲಿ ಮೊದಲ ದಿನವೇ ತೋಳು ಪೈಪಿಗೆ ಬಡಿದು, ಬಿಸಿನೀರು ಚಿಮ್ಮಿ, ಒಬ್ಬ ಫಿಟ್ಟರ್‌ನ ಕೈ ಬೆಂದಿತು. ಚೀಟಿಯನ್ನೂ ನೋಡದೆ ಕೆಲಸ ಮಾಡಿದ್ದಾಳೆ ಎಂದು ವಿಚಾರಣೆಯಲ್ಲಿ ನಿನ್ನ ಮೇಲೆ ಬರೆದರು. ಇಪ್ಪತ್ತಾರು ವರ್ಷದ ಕೆಲಸ, ನೀನು ಒಂದು ಗುರುತಿನ ಚೀಟಿ ಮೇಜಿನ ಮೇಲಿಟ್ಟು ಹೊರಟುಹೋದೆ. ಅವತ್ತಿನಿಂದ ಹೊಸಬರಿಗೆ ಪಾಠ ಹೇಳುವಾಗಲೆಲ್ಲ "ಪೆನ್ಸಿಲಕ್ಕನ ಹಾಗೆ ಮಾಡ್ಬೇಡಿ" ಅನ್ನುತ್ತಾರೆ. ನಿನ್ನ ಹೆಸರಿಗೆ ಹತ್ತಿದ ಆ ಮಸಿಯನ್ನು ಒರೆಸಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಕಂಪ್ಯೂಟರ್ ಒಂದು ನೆಪ.

ಸರಿ, ಮಂಗಳವಾರ. ಗಡಿಯಾರ ಹಿಡಿದು ಕೂತೆ. ಮೊದಲ ಷರತ್ತು, ಒಂದು ಭಾಗವನ್ನೂ ಮುಚ್ಚದೆ ತೆರೆಯಬೇಕು. ಎರಡನೆಯದು, ತಳದ ಪ್ಲೇಟನ್ನು ಐದು ಮಿಲಿಮೀಟರ್ ಎತ್ತರಿಸಿ, ಮೇಲಿನದೆಲ್ಲ ಸರಿಹೋಗುವವರೆಗೆ ಕಾಯಬೇಕು. ದೀಪದ ಪೆಟ್ಟಿಗೆ ಒಂಬತ್ತು ನಿಮಿಷ ತಿಣುಕಿ ತೆರೆಯಿತು. ಪ್ಲೇಟು ಎತ್ತರಿಸಿದ್ದೇ ತಡ, ಫ್ಯಾನು ಹುಯ್ಯೆಂದು ಕೂಗಿ, ಗೆರೆಗಳು ಅಲ್ಲಲ್ಲಿ ಮಾಯವಾಗಿ, ಸಾಫ್ಟ್‌ವೇರ್ ಮುಚ್ಚಿಕೊಂಡಿತು. ದೀಪ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಅಂಗಡಿಯವನು "ಇನ್ನೊಂದ್ಸಲ ನೋಡೋಣ ಮೇಡಂ" ಎಂದ. ಇನ್ನೊಂದು ಸಲವೂ ಅದೇ ಹಾಡು.

ನನ್ನ ಟ್ರಂಕು ಮೂರು ನಿಮಿಷಕ್ಕೆ ತೆರೆಯಿತು, ಎರಡು ನಿಮಿಷದೊಳಗೆ ಪ್ಲೇಟಿನ ಲೆಕ್ಕವನ್ನೂ ಮುಗಿಸಿತು. ಯಾವ ಭಾಗ ಯಾವುದಕ್ಕೆ ತಾಗುತ್ತಿದೆ ಎಂದು ತಪಾಸಣೆಗೆ ಹಾಕಿದೆ. ತೋಳು ಪೈಪಿನೊಳಗೆ ಹೊಕ್ಕ ಜಾಗ ಕೆಂಪಗೆ ಹೊತ್ತಿಕೊಂಡಿತು.

"ಇದು ಹಳೇ ಫೈಲಲ್ವಾ? ಇದನ್ಯಾಕೆ ತೆಗೆದ್ರಿ?" ಮ್ಯಾನೇಜರ್ ಗಡಬಡಿಸಿದರು.

"ಇದಕ್ಕಿಂತ ಭಾರದ್ದು ನಮ್ಮಲ್ಲಿ ಇನ್ನೊಂದಿಲ್ಲ ಸಾರ್."

ಮಾಲೀಕರು ಪರದೆಯ ಹತ್ತಿರ ಬಗ್ಗಿದರು. "ಇಷ್ಟು ಢಾಳಾಗಿ ಕಾಣೋದು ಆವತ್ತು ಯಾಕೆ ಕಾಣಲಿಲ್ಲ?"

"ಚೀಟಿ ಅಂಟಿಸಿದ್ರೂ ಆಯಮ್ಮ ನೋಡಲಿಲ್ಲ ಸಾರ್," ಎಂದರು ಮ್ಯಾನೇಜರ್.

"ಅದಕ್ಕಿಂತ ಹಿಂದಿನ ಮಾತು ಕೇಳಿ ಸಾರ್," ಎಂದೆ. ಎದ್ದು ಕಪಾಟಿನ ಬಾಗಿಲು ತೆಗೆದೆ. "ಪೂರ್ತಿ ಫೈಲು ತೆರೆಯೋ ಯಂತ್ರ ಕೊಡಿ ಅಂತ ಅವರು ಮೂರು ಅರ್ಜಿ ಕೊಟ್ಟಿದ್ರು. ಮೂರೂ ಈ ಕಪಾಟಿನಲ್ಲಿವೆ. ಮುಚ್ಚಿಟ್ಟು ಕೆಲಸ ಮಾಡಿ ಅಂದದ್ದು ನಾವು, ಕಾಣಲಿಲ್ಲ ಅಂತ ಕಳಿಸಿದ್ದು ಅವರನ್ನ." ಅರ್ಜಿಗಳನ್ನು ತೆಗೆದು ಅವರ ಕೈಗೇ ಕೊಟ್ಟೆ. ಮಾಲೀಕರು ಮೂರನ್ನೂ ನಿಂತೇ ಓದಿದರು. ಆಮೇಲೆ ಕಪ್ಪು ಪೆಟ್ಟಿಗೆಯನ್ನು ತೋರಿಸಿ "ಇದೇ ಇರಲಿ" ಎಂದರು. "ನಾನೂ ಅದನ್ನೇ ಹೇಳೋಣ ಅಂತಿದ್ದೆ ಸಾರ್," ಎಂದರು ಮ್ಯಾನೇಜರ್. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ನೋಡು!

ಮಂಡಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ಮಗಳಿಗೆ ನನ್ನ ಆಶೀರ್ವಾದ ಹೇಳು, ನಿನ್ನ ಬುದ್ಧಿಯೂ ನಿನ್ನ ಹಟವೂ ಅವಳಿಗೆ ಸರಿಪಾಲು ಬರಲಿ. ನಿನ್ನ ಕಾಲಿಗೆ ನಮಸ್ಕಾರ.

ಇಂತಿ ನಿನ್ನ,
ಬೆಳಗಿನ ಪಾಳಿ

ತಾ.ಕ.: ಮರೆತು ಉಳಿದದ್ದಲ್ಲ ಇದು, ಮೇಲೆ ಬರೆಯಲು ಕೈ ಬರಲಿಲ್ಲ. ಮಾಲೀಕರ ಎದುರು ಅಷ್ಟೆಲ್ಲ ಮಾತಾಡಿದವಳು ಚೀಟಿಯ ಮಾತು ಬಂದಾಗ ಪಕ್ಕಕ್ಕೆ ಜಾರಿಕೊಂಡದ್ದನ್ನು ನೀನು ಗಮನಿಸಿಯೇ ಇರುತ್ತೀಯ. ಆ ದಿನ ಪೈಪು ಮುಚ್ಚಿದವಳು ನಾನು. ಬಸ್ಸಿಗೆ ಹೊತ್ತಾಗಿತ್ತು, ಚೀಟಿ ಬರೆಯಲೇ ಇಲ್ಲ. ವಿಚಾರಣೆಯಲ್ಲಿ "ಅಂಟಿಸಿದ್ದೆ" ಎಂದು ಸುಳ್ಳು ಹೇಳಿದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿ ನಾನೇ ಅಕ್ಕ. ನೀನು ನನ್ನ ಮುಖ ನೋಡಿದೆ, ನಿನಗೆ ಗೊತ್ತಾಯಿತು. ಆದರೂ ನೀನು "ಚೀಟಿ ಕೆಳಗೆ ಬಿದ್ದಿರಬಹುದು, ನಾನೇ ನೋಡಿಲ್ಲ" ಅಂದೆ.

ಇವತ್ತು ಬೆಳಿಗ್ಗೆ ಖರೀದಿಯ ಫಾರಂ ಬಂತು. "ಈ ಯಂತ್ರ ಏಕೆ ಬೇಕು" ಎಂಬ ಜಾಗದಲ್ಲಿ ನಾನು ಮಾಡಿದ್ದನ್ನೂ ಆಡಿದ ಸುಳ್ಳನ್ನೂ ತಾರೀಖು ಸಮೇತ ಬರೆದೆ. ಮ್ಯಾನೇಜರ್ ಓದಿ ಬಿಳಿಚಿಕೊಂಡು "ಬೇರೆ ಫಾರಂ ಕೊಡ್ತೀನಿ, ಸರಿಯಾಗಿ ಬರೀರಿ" ಎಂದರು. ಸರಿಯಾಗೇ ಬರೆದಿದ್ದೇನೆ ಎಂದು ಸಹಿ ಹಾಕಿ ಮಾಲೀಕರ ಕೈಗೆ ಕೊಟ್ಟು ಬಂದೆ. ನನ್ನನ್ನು ಕಳಿಸುತ್ತಾರೋ ಇಟ್ಟುಕೊಳ್ಳುತ್ತಾರೋ ಅವರಿಗೆ ಬಿಟ್ಟದ್ದು. ನಿನ್ನ ವಿಳಾಸ ಕೇಳಿದರು, ಕೊಟ್ಟಿದ್ದೇನೆ. ಅವರು ಬಂದರೆ ನನ್ನ ಪರವಾಗಿ ಒಂದು ಮಾತೂ ಆಡಬೇಡ. ಒಂದು ಸಲ ಆಡಿದ್ದು ಸಾಕು.