ಅಂಗಿಯ ಬೆನ್ನಿಗೆ ಮೂಡಿದ ಕೈ

ನೀವು ಮತ್ತೆ ಗರಡಿಮನೆಯ ತಾಲೀಮಿಗೆ ಹೊರಟು ಹದಿನೇಳು ದಿನವಾಯಿತು: ಹದಿನೇಳು ಸೇರು ಹಾಲು, ಅರ್ಧ ಸೇರು ಬಾದಾಮಿ, ಎರಡು ಲಂಗೋಟಿ. ಆ ಖರ್ಚಿಗೆ ನನಗೆ ಬೇಸರವಿಲ್ಲ. ಹತ್ತು ವರ್ಷ ಅಂಗಡಿಯ ಗಾದಿಯ ಮೇಲೆ ಕೂತ ನಿಮ್ಮ ಮೈ ಅಲುಗಾಡಿತಲ್ಲ ಎಂದು ಸಂತೋಷವೇ ಆಯಿತು.

ರೊಟ್ಟಿ ಬುಟ್ಟಿಯಲ್ಲಿವೆ. ಎಮ್ಮೆಗೆ ಹಿಂಡಿ ನೆನೆಸಿಟ್ಟಿದ್ದೇನೆ, ಮರೆಯದೆ ಇಡಿ. ಗೂಟದ ಮೇಲಿನ ನಿಮ್ಮ ಅಂಗಿಯನ್ನು ಮಾತ್ರ ಒಗೆಯಲು ಹಾಕಬೇಡಿ.

ಅದರ ಒಳಬೆನ್ನಿಗೆ ಕೆಂಪು ಮಣ್ಣಿನ ಬಲಗೈ ಮೂಡಿದೆ. ಬೆವೆತ ಬೆನ್ನಿಗೆ ಕುಸ್ತಿಯ ಜೋಡಿಯವನು ಮಣ್ಣು ಬಡಿದರೆ ಮೂಡುವಂಥದು, ತಾನೇ ಹಚ್ಚಿಕೊಳ್ಳಲು ಬರುವಂಥದಲ್ಲ. "ಜೋಡಿ ಯಾರ್ರಿ?" ಎಂದು ಕೇಳಿದರೆ, "ಹುಚ್ಚಿ, ಅಷ್ಟು ನಸಕಿನ್ಯಾಗ ಯಾರ ಬರತಾರ? ನಾ ಒಬ್ಬನ ಇರತೇನಿ" ಅಂದಿರಿ. ಆ ಕೈಗೆ ಕಿರುಬೆರಳಿಲ್ಲ. ತೀರಿಹೋದ ನಿಮ್ಮ ತಮ್ಮ ಶಿವಯೋಗೆಪ್ಪನ ಬಲಗೈಗೂ ಇರಲಿಲ್ಲ.

ಅವನು ಜ್ವರ ಬಂದು ಸತ್ತಾಗ ನಿಮ್ಮಿಬ್ಬರ ಕುಸ್ತಿ ತೀರದೆ ಹಾಗೆಯೇ ನಿಂತಿತ್ತು. ಕುಸ್ತಿ ಕಲಿಸಿದ ವಸ್ತಾದರು ಅಖಾಡದ ಮಣ್ಣಿಗಿಳಿದು ಕೈ ಬಿಡಿಸುವ ತನಕ ಜೋಡಿ ಮುರಿಯುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ಅದಕ್ಕೇ ಅವರನ್ನು ಕರೆತರಲು ಅವರೂರು ನಿಡೋಣಿಗೆ ಹೋಗುವ ಚಕ್ಕಡಿ ಹತ್ತುತ್ತಿದ್ದೇನೆ. ನಾಳೆ ಮಧ್ಯಾಹ್ನಕ್ಕೆ ಬರುತ್ತೇವೆ. ಅಲ್ಲಿಯವರೆಗೆ ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ಸರಿ, ತಾಲೀಮಿನ ಹೊಸ್ತಿಲು ದಾಟಬೇಡಿ.

ನಿಮ್ಮ ಹೊಟ್ಟೆ ಎರಡು ಬೆರಳಷ್ಟು ಕರಗಿದೆ, ಅದು ಒಳ್ಳೆಯದೇ. ಆದರೆ ನಿನ್ನೆ ಕುದಿಯುವ ಹಾಲಿನ ಪಾತ್ರೆಗೆ ತಾಗಿ ನಿಮ್ಮ ಬಲಗೈ ಕಿರುಬೆರಳಿಗೆ ಬೊಬ್ಬೆ ಎದ್ದಿತು. ಆ ಬೆರಳು ಅಲ್ಲಿಲ್ಲವೇನೋ ಎಂಬಂತೆ ನಿಮಗೆ ಉರಿ ಗೊತ್ತೇ ಆಗಲಿಲ್ಲ.