ಎರಡು ಬೀಮು ಇಳಿದ ತಿಂಗಳು

ವೈನಿ, ನಿಮ್ಮ ಈರಪ್ಪನ ನಮಸ್ಕಾರ.

ಈ ಕಾಗದ ಬರೆಯಲು ಕುಳಿತು ಎರಡು ಸಲ ಹರಿದು ಹಾಕಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. "ಸತ್ತವರಿಗೆ ಟಪಾಲು ಯಾರ ಒಯ್ಯತಾರ್ರೀ?" ಎಂದು ನನ್ನ ಹೆಂಡತಿ ಶಾಂತಾ ನಕ್ಕಳು. ನಗಲಿ. ನಿಮ್ಮ ಮುಖ ನೋಡಿ ಹೇಳುವ ಧೈರ್ಯ ಆಗ ಇದ್ದಿದ್ದರೆ ಈ ಕಾಗದವೇ ಬೇಕಿರಲಿಲ್ಲ.

ನಿಮ್ಮ ಯಜಮಾನರು, ನಮ್ಮ ಅಣ್ಣ, ತೀರಿಕೊಂಡ ಮೇಲೆ ಮೊದಲ ಪಗಾರ ತಂದು ನಿಮ್ಮ ಕೈಗೆ ಕೊಟ್ಟ ದಿನ ನೆನಪಿದೆಯೇ? ನೀವು ನೋಟು ನೋಡಲಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಿರಿ. ನನಗೆ ಗೊತ್ತಿದ್ದದ್ದು ಬೀಮಿನ ಲೆಕ್ಕವೊಂದೇ. ಮಾಲಕರು ಹಾಸುನೂಲು ಸುತ್ತಿ ಕೊಟ್ಟ ಬೀಮು ಪೂರಾ ನೇಯ್ದು ಇಳಿಸಿದ ದಿನ ಪಗಾರ. ಕರೆಂಟು ಸರಿಯಿದ್ದರೆ ಇಪ್ಪತ್ನಾಲ್ಕು ದಿನ, ಇಲ್ಲದಿದ್ದರೆ ದೇವರೇ ಗತಿ. ಆದರೆ ಮಗ್ಗದ ಸಾಲದ ಕಂತು ಐದನೇ ತಾರೀಖಿಗೆ, ಲೈಟ್ ಬಿಲ್ಲು ಹದಿನೈದಕ್ಕೆ, ಕಿರಾಣಿ ಅಂಗಡಿಯವನು ಮೂವತ್ತಕ್ಕೆ ಬಾಗಿಲಲ್ಲಿ ನಿಲ್ಲುತ್ತಿದ್ದ. ಬೀಮು ಯಾವಾಗ ಇಳಿಯಿತು ಎಂದು ಅವರಾರೂ ಕೇಳುತ್ತಿರಲಿಲ್ಲ. ನಿಮ್ಮ ಸೊಂಟದ ಚಂಚಿಗೆ ನಾಲ್ಕು ಕಿಸೆ. ಮೂರರಲ್ಲಿ ಆ ಮೂವರ ಪಾಲು, ನಾಲ್ಕನೆಯದರಲ್ಲಿ ಎಲೆ ಅಡಿಕೆ. ಬಂದ ಪಗಾರವನ್ನು ನಿಂತ ಕಾಲ ಮೇಲೆ ಹಂಚಿಬಿಡುತ್ತಿದ್ದಿರಿ. ನಾನು ಅದನ್ನು ಜಿಪುಣತನ ಎನ್ನುತ್ತಿದ್ದೆ.

ಒಂದು ತಿಂಗಳು ಎರಡನೇ ತಾರೀಖಿಗೆ ಒಂದು ಬೀಮು ಇಳಿಯಿತು, ಇಪ್ಪತ್ತಾರಕ್ಕೆ ಇನ್ನೊಂದು. ಒಂದೇ ತಿಂಗಳಲ್ಲಿ ಎರಡು ಪಗಾರ! ಬೈಲಹೊಂಗಲದಲ್ಲಿ ಒಬ್ಬರ ಹಳೆಯ ಸ್ಕೂಟರ್ ಮಾರಾಟಕ್ಕಿತ್ತು. ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಆ ಹೆಚ್ಚಿನ ಪಗಾರ ಸ್ಕೂಟರಿಗೆ ಕೊಡಿರಿ ಅಂದೆ.

"ಹೆಚ್ಚಿಂದು ಯಾವುದೋ? ಇದು ಈ ತಿಂಗಳದ್ದಲ್ಲ," ಎಂದಿರಿ ನೀವು. "ಮುಂದಿನ ಬೀಮು ಇಳಿಯೂದು ಇಪ್ಪತ್ತಕ್ಕ. ಐದಕ್ಕ ಕಂತು, ಹದಿನೈದಕ್ಕ ಬಿಲ್ಲು. ನಡುವ ಸ್ಕೂಟರ್ ತಿಂತೀ ಏನು?"

ನೀವು ಮಗ್ಗ ತೋರಿಸಿದಿರಿ. "ಹಳೇ ಬೀಮಿನ ತುದಿ ಒಂದ ಗೇಣು ಬಿಟ್ಟ ಕತ್ತರಸ್ತೀಯಲ್ಲ, ಹೊಸಾದು ಗಂಟ ಹಾಕಾಕ? ರೊಕ್ಕದಾಗೂ ಅಷ್ಟ ಬಿಡು ಅನ್ನಾಕತ್ತೇನಿ." ತುದಿ ಬಿಡದೆ ಕತ್ತರಿಸಿದರೆ ಸಾವಿರಾರು ಎಳೆಗಳನ್ನು ಮತ್ತೆ ಒಂದೊಂದಾಗಿ ಪೋಣಿಸುತ್ತ ಕೂರಬೇಕು. ಹತ್ತು ವರ್ಷದವನಿದ್ದಾಗ ಅದನ್ನು ಕಲಿತವನು ನಾನು. ನನಗೇ ಪಾಠವೇ, ಅನ್ನಿಸಿತು.

ಮರುದಿನ ಅಳಿಯ ಬಂದ. ಸವದತ್ತಿಗೆ ಕೊಟ್ಟ ನಿಮ್ಮ ಒಬ್ಬಳೇ ಮಗಳು ಸುವರ್ಣಾಗೆ ಆಗ ಏಳು ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವ ದಿನ ಮಾತಾಡಲು ಬಂದವನು ಆಗತಾನೆ ಚಹಾದ ಕಪ್ಪು ಹಿಡಿದಿದ್ದ. ನನಗೆ ಏನು ಬಡಿದಿತ್ತೋ. ಬರೆಯಲು ಕೈ ಏಳುತ್ತಿಲ್ಲ, ಆದರೂ ಆಡಿದ ಹಾಗೇ ಬರೆಯುತ್ತೇನೆ.

"ಈಗ ತಿಳೀತು! ಎರಡನೇ ಪಗಾರ ಸವದತ್ತಿ ಬಸ್ಸ ಹತ್ತಾಕ ಕುಂತೈತಿ. ದುಡಿಯಾಂವ ನಾ, ಮಗಳ ಮನಿ ತುಂಬಸಾಕಿ ನೀ!"

ನೀವು ಮನೆಗೆ ಬಂದಾಗಿನಿಂದ ನಿಮಗೆ 'ನೀ' ಅಂದವನಲ್ಲ. ನೀವು ಚಂಚಿ ಬಿಚ್ಚಿ ನನ್ನ ಮುಂದಿಟ್ಟಿರಿ. "ಎಣಿಸ್ಕೋಪಾ." ಎಣಿಸಿದೆ. ಒಂದು ರೂಪಾಯಿ ಕಮ್ಮಿ ಇರಲಿಲ್ಲ. ಅಲ್ಲಿಗಾದರೂ ಬಾಯಿ ಮುಚ್ಚಬೇಕಿತ್ತಲ್ಲ? ಅಳಿಯನೆದುರು ಸೋತೆನಲ್ಲ ಎಂದು ಸಿಟ್ಟು ಇನ್ನೂ ಏರಿತು. ಚಂಚಿ ಎತ್ತಿಕೊಂಡು ಹೊರಬಿದ್ದೆ. ಬಾಗಿಲು ದಾಟುವಾಗ ಅಳಿಯನ ದನಿ ಕಿವಿಗೆ ಬಿತ್ತು. "ಅತ್ತಿ, ಸುವರ್ಣಾನ್ನ ಹಡಿಯಾಕ ಕಳಸೂದಿಲ್ರಿ. ನಮ್ಮ ಊರಾಗೂ ದವಾಖಾನಿ ಐತಿ." ತುಂಬಿದ ಕಪ್ಪು ಹಾಗೇ ಬಿಟ್ಟು ಎದ್ದನಂತೆ.

ಸ್ಕೂಟರ್ ಬಂತು. ಅದರ ಹಿಂದೆಯೇ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಇಪ್ಪತ್ತಕ್ಕೆ ಇಳಿಯಬೇಕಾದ ಬೀಮು ಮುಂದಿನ ತಿಂಗಳಿಗೆ ಹೋಯಿತು. ಕಂತು ತಪ್ಪಿತು, ದಂಡ ಬಿತ್ತು, ಲೈಟ್ ಬಿಲ್ಲೂ ಬಾಕಿ ಉಳಿಯಿತು. ಕರೆಂಟು ತಿರುಗಿ ಬರುವ ಹೊತ್ತಿಗೆ ಲೈನ್‌ಮನ್ ಬಂದು, "ಈರಪ್ಪಣ್ಣಾರ, ಶನಿವಾರತನಕ ನೋಡತೇನ್ರಿ. ಆಮ್ಯಾಗ ಫ್ಯೂಸ್ ಕಿತ್ತಗೊಂಡ ಹೋಗಾಂವನ," ಎಂದ. ಫ್ಯೂಸ್ ಹೋದರೆ ಮಗ್ಗ ನಿಂತಂತೆ, ಮಗ್ಗ ನಿಂತರೆ ಮನೆ ನಿಂತಂತೆ. ಶುಕ್ರವಾರ ಸಂಜೆ ಮಗ್ಗದ ಮೇಲೆ ಬಿಲ್ಲು ಕಟ್ಟಿದ ಪಾವತಿ ಚೀಟಿ ಇತ್ತು. ಯಾರು ಕಟ್ಟಿದರು ಎಂದು ನಾನು ಕೇಳಲಿಲ್ಲ.

ಕೇಳುವುದೇನಿತ್ತು? ನನಗೆ ಗೊತ್ತಿತ್ತು, ವೈನಿ. ಇವತ್ತು ಅದನ್ನೇ ಒಪ್ಪಿಕೊಳ್ಳಬೇಕು. ಅದೇ ವಾರ ಹಿಂದಿನ ಓಣಿಯಲ್ಲಿ ಸ್ಕೂಟರ್ ಮೇಲೆ ಹೋಗುತ್ತಿದ್ದೆ. ಕೈಮಗ್ಗದವರ ಪಡಸಾಲೆಯಲ್ಲಿ ನೀವು ರಾಟಿ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಿರಿ. ಅಲ್ಲಿ ವಾರದ ಕೂಲಿ. ಐವತ್ತು ದಾಟಿದ ಹೆಂಗಸು, ಸ್ವಂತ ಮಗ್ಗದ ಮನೆಯ ಹಿರಿಯಳು, ಪರರ ಮನೆಯಲ್ಲಿ ಕಂಡಿಕೆ... ನಾನು ನಿಂತೆನೇ? ಗಾಡಿ ಜೋರು ಮಾಡಿದೆ. ಸಪ್ಪಳಕ್ಕೆ ನೀವು ತಲೆ ಎತ್ತಿದಿರಿ, ನನ್ನನ್ನು ಕಂಡಿರಿ, ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿದಿರಿ. ನಾಚಿಕೆ ನಿಮ್ಮದಾಗಿರಲಿಲ್ಲ. ನನ್ನದನ್ನು ನೀವು ಮುಚ್ಚಿದಿರಿ.

ಆರು ತಿಂಗಳಿಗೆ ಸ್ಕೂಟರ್ ಮಾರಿ, ಬಂದಷ್ಟು ರೊಕ್ಕ ಚಂಚಿಯಲ್ಲಿ ಹಾಕಿ ನಿಮ್ಮ ಮುಂದಿಟ್ಟೆ. ಆಗಲಾದರೂ 'ತಪ್ಪಾತು' ಅನ್ನಬಹುದಿತ್ತು. "ಅಲ್ಲೇ ಐತಿ ನೋಡ್ರಿ," ಅಂದೆ ಅಷ್ಟೇ. ನೀವು ಕ್ಯಾಲೆಂಡರ್ ನೋಡಿ ಮೂರು ಕಿಸೆಗೆ ಹಂಚಿದಿರಿ. ಬೈದಿದ್ದರೆ ಎಷ್ಟು ಚಲೋ ಇತ್ತು.

ಅದಕ್ಕೂ ಮುಂಚೆ, ಸವದತ್ತಿಯಲ್ಲಿ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ ಹೊರಟ ಬೆಳಿಗ್ಗೆ ನಿಮ್ಮ ಕೈಯಲ್ಲಿ ಏನೂ ಇರಲಿಲ್ಲ. "ಹಣ್ಣು ಕಾಯಿ ಆದ್ರೂ ತಗೋರಿ ಅಕ್ಕಾ," ಎಂದು ಶಾಂತಾ ಅಂಗಲಾಚಿದಳು. "ಬ್ಯಾಡವಾ. ಬರಿಗೈಲೆ ಹೋದ್ರ ಯಾರೂ ಏನೂ ಅನ್ನೂದಿಲ್ಲ," ಎಂದಿರಿ. ನನ್ನ ಕಡೆ ನೋಡಿ ಹೇಳಲಿಲ್ಲ, ಆದರೂ ಅದು ನನಗೇ ಹೇಳಿದ್ದು. ಸಾಯುವವರೆಗೆ ಮಗಳ ಮನೆಗೆ ಹೋದಾಗಲೆಲ್ಲ ಬರಿಗೈಯಲ್ಲೇ ಹೋದಿರಿ. ನಿಮ್ಮನ್ನು ಮಣ್ಣು ಮಾಡಿದ ಮೇಲೆ ಟ್ರಂಕು ತೆಗೆದರೆ ತಳದಲ್ಲಿ ಒಂದು ಕುಂಚಿಗಿ. ನಮ್ಮ ಮಗ್ಗದ ತುಂಡು ಅರಿವೆಗಳನ್ನು ಜೋಡಿಸಿ ಕೂಸಿನ ತಲೆಗೆ ಹೊಲಿದದ್ದು, ಅಂಚಿಗೆ ಕೆಂಪು ದಾರ. ಒಮ್ಮೆಯೂ ಯಾವ ಕೂಸಿನ ತಲೆಗೂ ಏರದ್ದು.

ಕೊನೆಯ ದಿನ ದವಾಖಾನೆಯಲ್ಲಿ ನೀವು ಕಣ್ಣು ಬಿಟ್ಟು ಕೇಳಿದ್ದು ಒಂದೇ. "ಈರಪ್ಪಾ, ಬಿಲ್ಲು ಕಟ್ಟೀ ಏನು?" ನನಗೆ ರೇಗಿತು. "ಸುಮ್ನ ಮಲಗ್ರಿ ವೈನಿ, ಅದನ್ನ ತಗೊಂಡ ಏನ ಮಾಡ್ತೀರಿ!" ಅಂದೆ. ನಾನು ನಿಮ್ಮೊಡನೆ ಆಡಿದ ಕಡೆಯ ಮಾತು ಅದು. ಕಟ್ಟಿರಲಿಲ್ಲ, ಅದಕ್ಕೇ ರೇಗಿತು.

ಈಗ ಸುದ್ದಿ ಕೇಳಿರಿ. ಹೋದ ದೀಪಾವಳಿಗೆ ಮುಂಚೆ ಸುವರ್ಣಾ ಮತ್ತೆ ಬಸುರಿ ಎಂದು ಎಸ್‌ಟಿಡಿ ಬೂತಿಗೆ ಫೋನು ಬಂತು. ನಾನು ಸವದತ್ತಿ ಬಸ್ಸು ಹತ್ತಿದೆ. ಅಳಿಯನ ಮನೆಯಲ್ಲಿ ಅವನ ತಾಯಿ ತಂದೆ ಎಲ್ಲರೂ ಇದ್ದರು. ನಿಂತುಕೊಂಡೇ ಹೇಳಿದೆ. "ಅವತ್ತ ಚಂಚ್ಯಾಗ ಪೂರಾ ರೊಕ್ಕ ಇತ್ರಿ. ನಮ್ಮ ವೈನಿ ಒಂದ ಪೈಸೆ ಮುಟ್ಟಿರಲಿಲ್ಲ. ನಾ ಎಣಿಸಿ ನೋಡೇನಿ, ಎಣಿಸಿದ ಮ್ಯಾಲೂ ಹೇಳಿಲ್ಲ. ತಪ್ಪು ನಂದು. ಈ ಸಲ ಹಡಿಯಾಕ ನಮ್ಮ ಮನಿಗಿ ಕಳಸ್ರಿ."

ಸುವರ್ಣಾ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು, ಆಮೇಲೆ ಥೇಟು ನಿಮ್ಮ ದನಿಯಲ್ಲಿ ಕೇಳಿದಳು. "ಖರ್ಚಿನ ರೊಕ್ಕ ಯಾವ ತಿಂಗಳದ್ದು, ಕಾಕಾ? ಬಿಲ್ಲಿಂದು ಮುರದ ತಂದೀ ಏನ ಮತ್ತ?"

"ಇಲ್ಲವಾ. ಎರಡ ಬೀಮು ಇಳಿದ ತಿಂಗಳದ್ದು. ಮುಂದಿಂದೆಲ್ಲಾ ಕಟ್ಟಿ ಉಳದದ್ದು."

ಹೆಣ್ಣು ಹುಟ್ಟಿದೆ, ವೈನಿ. ಮಗ್ಗದ ಸಪ್ಪಳ ನಿಂತರೆ ಅಳುತ್ತದೆ, ಶುರುವಾದರೆ ಮಲಗುತ್ತದೆ. ನಿನ್ನೆ ತೊಟ್ಟಿಲಿಗೆ ಹಾಕಿದೆವು, ತಲೆಗೆ ನಿಮ್ಮ ಕುಂಚಿಗಿ ಕಟ್ಟಿ. ಅಳಿಯ ಬಂದಿದ್ದ. ಶಾಂತಾ ಕೊಟ್ಟ ಚಹಾ ಪೂರ್ತಿ ಕುಡಿದ.

ಇವತ್ತು ಹನ್ನೆರಡನೇ ತಾರೀಖು. ಬಿಲ್ಲು ಕಟ್ಟಿದ್ದೇನೆ, ವೈನಿ. ಕಟ್ಟಿ ಬಂದೇ ಬರೆಯಲು ಕುಳಿತೆ.

ನಿಮ್ಮ
ಈರಪ್ಪ