ಬಹುಪರಾಕಿನ ನೀರು

ಗಜೇಂದ್ರಗಡ
ಶಕೆ ೧೭೭೭, ರಾಕ್ಷಸನಾಮ ಸಂವತ್ಸರ, ವೈಶಾಖ ಬಹುಳ ಪಂಚಮಿ
(ಸಂವತ್ಸರದ ಹೆಸರು ನಾನಿಟ್ಟದ್ದಲ್ಲ, ಪಂಚಾಂಗದವರದು. ಆದರೂ ಈ ಸಲ ನಮ್ಮೂರನ್ನು ನೋಡಿಯೇ ಇಟ್ಟಂತಿದೆ.)

ಚಿ. ಸೌ. ಸಿದ್ದಲಿಂಗವ್ವಳಿಗೆ ನಿನ್ನ ಅಪ್ಪ ಮಾಡುವ ಅನೇಕ ಆಶೀರ್ವಾದಗಳು.

ಮೊದಲಿಗೆ ಒಂದು ಘನವಾದ ಸುದ್ದಿ. ಡಂಗುರ ಹೊಡೆಸಿ, ಕಹಳೆ ಊದಿಸಿ, ನಿಮ್ಮ ನರಗುಂದದ ಗುಡ್ಡ ಹತ್ತಿ ಸಾರಬೇಕಾದ ಸುದ್ದಿ: ನಮ್ಮೂರಿನಿಂದ ಪುರ್ತಗೇರಿಗೆ ಹೋಗುವ ದಾರಿಯಲ್ಲಿ, ಬೇವಿನ ಗಿಡದ ಕೆಳಗೆ, ಒಂದು ಹರವಿ ಇಟ್ಟಿದ್ದಾರೆ. ಮಣ್ಣಿನ ಹರವಿ. ಅದರೊಳಗೆ ನೀರು. ಸುದ್ದಿ ಮುಗಿಯಿತು.

ಯುಗಾದಿಯಿಂದ ಈಚೆ ನಿನಗೊಂದು ಓಲೆ ಬರೆಯದೆ ಇದ್ದುದಕ್ಕೂ ಆ ಹರವಿಯೇ ಕಾರಣ. "ಅಪ್ಪಗ ಮಗಳ ನೆನಪ ಇಲ್ಲ" ಎಂದು ಅತ್ತೆಯ ಮುಂದೆ ಮುಖ ಊದಿಸಿಕೊಂಡು ಕೂತಿರಬೇಕು ನೀನು. ತಪ್ಪಾಯಿತು ತಾಯಿ. ಕದ ಮುಚ್ಚಿಕೊಂಡು ನಿನಗೆ ಅಕ್ಷರ ಕಲಿಸಿದ್ದು, ಬೈದು ಬರೆಯಲಿ ಎಂದೇ, ಬರೆ. ನಿಮ್ಮವ್ವನ ಮೊಣಕಾಲು ಹಾಗೇ ಇದೆ. ಬಾಯಿ ಮಾತ್ರ ಚಲೋ ಇದೆ.

ಹರವಿ ಇಡಿಸಿದವರು ಹತ್ತಿ ವ್ಯಾಪಾರದ ಸಾವಕಾರ ತೋಟಪ್ಪನವರು. ಅವರ ಪಡಸಾಲೆಯಲ್ಲೇ ನನ್ನ ಸಾಲಿ ನಡೆಯುತ್ತಿದ್ದುದು ನಿನಗೆ ಗೊತ್ತು. ಬೇಸಿಗೆಗೆ ಅರವಟಿಗೆ ಇಡುತ್ತೇನೆ, ನೀರು ಹೊಯ್ಯುವವರು ಬೇಕು ಎಂದರು. ನನ್ನ ದೊಡ್ಡ ಹುಡುಗರು ತಾವಾಗಿಯೇ ಎದ್ದು ನಿಂತರು. "ನಾವು ಹೊಕ್ಕೇವ್ರಿ ಗುರುಗಳ, ಕೂಲಿ ಬ್ಯಾಡ್ರಿ" ಅಂದರು. ಎಲ್ಲರಿಗಿಂತ ಮೊದಲು ಎದ್ದವನು ನಿನ್ನ ತಮ್ಮ ಹೂವಪ್ಪ. ಆ ಹೊತ್ತು ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ, ಅಂಗಿ ಹಾಕಿದ್ದರೆ ಅದರ ಕಸಿದಾರ ಹರಿಯುತ್ತಿತ್ತು.

ಅವರನ್ನು ತಯಾರು ಮಾಡುವ ಕೆಲಸ ನನ್ನದು. ನಗಬೇಡ, ನೀರು ಹೊಯ್ಯುವುದೂ ಒಂದು ವಿದ್ಯೆಯೇ. ಮೊದಲು ಬೆಲ್ಲದ ಚೂರು, ಆಮೇಲೆ ನೀರು, ಮಾತೇನಿದ್ದರೂ ಕಡೆಗೆ. ಯಾರು, ಎಲ್ಲಿಯವರು ಎಂದು ಕೇಳಬಾರದು. ಕುಡಿಯುವವರ ಮುಖ ನೋಡುತ್ತ ನಿಲ್ಲಬಾರದು, ಅವರಿಗೆ ನಾಚಿಕೆ. ಬೊಗಸೆಯನ್ನು ನೋಡುತ್ತ ಧಾರೆ ದಪ್ಪ ಸಣ್ಣ ಮಾಡಬೇಕು. ಕಲಿಯುವುದಕ್ಕೆ ಬೊಗಸೆ ನನ್ನದು. ಒಬ್ಬ ನನ್ನ ಮೂಗಿಗೆ ಹೊಯ್ದ, ಒಬ್ಬ ಕಿವಿಗೆ ಹೊಯ್ದ. ನಾನು ಹೊಟ್ಟೆ ಗುಡಾಣ ಮಾಡಿಕೊಂಡು, ಧೋತರ ತೊಯ್ಸಿಕೊಂಡು ಮನೆಗೆ ಬಂದರೆ ನಿಮ್ಮವ್ವ, "ಕೆರ್‍ಯಾಗ ಬಿದ್ರೇನು? ಎತ್ತಿದವ್ರ್ಯಾರು? ಅವರಿಗೆ ಮಾಡಾಕ ಬ್ಯಾರೆ ಕೆಲಸ ಇರಲಿಲ್ಲೇನು?" ಅಂದಳು.

ಇನ್ನೇನು ಸುರುವಾಗಬೇಕು, ಸಾವಕಾರರು ಕರೆಸಿದರು. "ಗುರುಗಳ, ಹರವಿ ನಂದು. ಕುಡದು ಬಾಯಿ ಒರಸ್ಕೊಂಡು ಹೋದ್ರ, ನನ್ನ ಹೆಸರು ಎಲ್ಲಿ ಉಳೀತೈತ್ರಿ?"

"ಹೊಟ್ಟ್ಯಾಗ ಉಳೀತೈತ್ರಿ," ಅಂದೆ.

"ಹೊಟ್ಟ್ಯಾಗಿಂದು ಸಂಜೀಕ ಹೊರಗ ಹೊಕ್ಕೈತಿ. ಕಿವ್ಯಾಗಿಂದ ಉಳೀತೈತಿ."

ಮಾರನೆಯ ದಿನ ನನ್ನ ಉಪದೇಶ ರದ್ದು. ಸಾವಕಾರರ ಗುಮಾಸ್ತ ಬಂದು ಹುಡುಗರಿಗೆ ಹೊಸ ಪಾಠ ಹೇಳಿಕೊಟ್ಟ. ನೀರು ಹೊಯ್ಯುವ ಮೊದಲು ಸಾವಕಾರರು, ಅವರ ತಂದೆ, ಅಜ್ಜ, ಮುತ್ತಜ್ಜ, ಎಲ್ಲರ ಹೆಸರನ್ನೂ ಬಿರುದು ಸಮೇತ ಕೂಗಬೇಕು: "ಹತ್ತಿಪೇಟೆಯ ಹುಲಿ, ತೂಕದಲ್ಲಿ ಧರ್ಮರಾಯ..." (ತೂಕದ ವಿಷಯ ಈ ಓಲೆ ತರುವ ಗಾಡಿಯ ಕಾಶೀಂಸಾಬನನ್ನು ಕೇಳು, ಅವರ ಹತ್ತಿ ಹೇರುವವನು ಅವನೇ; ಬರೆದರೆ ನನ್ನ ಕಾಗದ ಸಾಲದು.) ಕೇಳಿದವರು "ಬಹುಪರಾಕ್" ಎನ್ನಬೇಕು. ಅಂದ ಮೇಲೆ ತಂಬಿಗೆ ಬಾಗಬೇಕು. ನಡುವೆ ಯಾರಾದರೂ ಬಾಯಿ ಹಾಕಿದರೆ ಮತ್ತೆ ಮುತ್ತಜ್ಜನಿಂದ ಸುರು!

"ಸಾವಕಾರ್ರ, ನಾಲಿಗಿ ಒಣಗಿದವ್ರು ಬಹುಪರಾಕ್ ಹ್ಯಾಂಗ ಅಂತಾರ್ರಿ?" ಎಂದು ಕೇಳಿದೆ. "ಪಡಸಾಲಿ ಯಾರದು ಅನ್ನೂದು ಸ್ವಲ್ಪ ಲಕ್ಷ್ಯದಾಗಿರಲಿ," ಅಂದರು.

ಕಳೆದ ಸೋಮವಾರ ಮಟಮಟ ಮಧ್ಯಾಹ್ನ ನಾನು ಆ ದಾರಿಗೆ ಹೋದೆ. ಲಕ್ಕಲಕಟ್ಟಿಯ ಉಡಚವ್ವ ಎಂಬ ಮುದುಕಿ ಕಟ್ಟಿಗೆ ಹೊರೆ ಇಳಿಸಿ ಬೊಗಸೆ ಒಡ್ಡಿ ನಿಂತಿದ್ದಳು. ತಂಬಿಗೆ ಹಿಡಿದಿದ್ದವನು ಹೂವಪ್ಪ. ಮಗ್ಗಿ ಹೇಳಿಸಿ ಹೇಳಿಸಿ ನಾನೇ ಪಳಗಿಸಿದ ಕಂಠ. ಬಿರುದುಗಳು ಗಂಟೆಯಂತೆ ಮೊಳಗುತ್ತಿದ್ದವು.

"ಎಪ್ಪಾ, ಮೊದಲ ಒಂದ್ ಗುಟುಕ ಹಾಕೋ. ಆಮ್ಯಾಲೆ ಇಬ್ಬರೂ ಕೂಡೇ ಹೊಗಳೂಣು," ಅಂದಳು ಮುದುಕಿ.

"ನಡಕ ಮಾತಾಡಿದೆಲ್ಲಬೇ! ಮತ್ತ ಮೊದಲಿಂದ ಹೇಳಬೇಕೀಗ," ಎಂದು ಮುತ್ತಜ್ಜನಿಂದ ಎತ್ತಿಕೊಂಡ.

ಅಜ್ಜನ ತನಕ ಬರುವಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ಅದೂ ಬಾಯಿ ಹಾಕಿದ ಲೆಕ್ಕವೇ ಆಯಿತು. ಮತ್ತೆ ಮುತ್ತಜ್ಜ. ಮುದುಕಿ ಹೊರೆ ಎತ್ತಿಕೊಂಡಳು. "ನಿಮ್ಮ ಸಾವಕಾರನ ಮುತ್ಯಾಗ ನೀರಡಿಸಿರಬೇಕು, ಅವಗ ಕುಡಸಪಾ," ಎಂದು ನಡೆದೇಬಿಟ್ಟಳು.

ನಾನು ತಂಬಿಗೆ ಕಸಿದುಕೊಂಡು, ತುಳುಕಿಸುತ್ತ, ಆ ಬಿಸಿಲಿನಲ್ಲಿ ಅವಳ ಹಿಂದೆ ಓಡಿದೆ. ನಿನ್ನ ಅಪ್ಪ ಓಡಿದ್ದನ್ನು ನೀನು ಹುಟ್ಟಿದಂದಿನಿಂದ ಕಂಡಿಲ್ಲ. ಅವಳು ತಿರುಗಿ ನೋಡಿ ಅನುಮಾನದಿಂದ ಕೇಳಿದಳು: "ಯಾರ ನೀರ್ರಿ ಇದು?"

"ಬಾವೀದವ್ವ."

"ಏನರ ಅನ್ನಬೇಕೇನ್ರಿ?"

"ಏನೂ ಬ್ಯಾಡ ತಾಯಿ, ಕುಡಿ."

ಕುಡಿದಳು. ನಾನು ಬೊಗಸೆಯನ್ನು ನೋಡುತ್ತ ಹೊಯ್ದೆ. ಓಡಿ ಬಂದ ಏದುಸಿರಿಗೆ ಧಾರೆ ಕೆಟ್ಟುಹೋಯಿತು.

ನನ್ನ ಸಿಟ್ಟು ಸಾವಕಾರನ ಹೆಸರಿನ ಮೇಲಲ್ಲ ಮಗಳೇ. ತನ್ನ ರೊಕ್ಕದಲ್ಲಿ ಮುತ್ತಜ್ಜನ ಹೆಸರು ಕಲ್ಲಿಗೆ ಕೆತ್ತಿಸಲಿ, ಎತ್ತಿನ ಕೋಡಿಗೆ ಬರೆಸಲಿ. ಸೇವೆ ಮಾಡುತ್ತೇವೆ ಎಂದು ತಾವಾಗಿ ಎದ್ದು ಬಂದ ಹುಡುಗರು! ಅವರಿಗೆ ಕೈ ಬಾಗಿಸುವುದನ್ನು ಮರೆಸಿ ಬಾಯಿ ಬಡಿದುಕೊಳ್ಳುವುದನ್ನು ಕಲಿಸಿದನಲ್ಲ, ಇದಕ್ಕೆ ಯಾವ ಕಚೇರಿಯಲ್ಲಿ ಫಿರ್ಯಾದಿ ಕೊಡಲಿ? ಇದನ್ನೇ ಪೇಟೆಯಲ್ಲಿ ನಿಂತು ಹೇಳಿದೆ. ಮಾರನೆಯ ದಿನ ಪಡಸಾಲೆಗೆ ಬೀಗ. ಈಗ ಸಾಲಿ ನಮ್ಮ ದನದ ಕೊಟ್ಟಿಗೆಯಲ್ಲಿ. ಹುಡುಗರು ಕಡಿಮೆಯಾಗಿದ್ದಾರೆ; ಎತ್ತು ಮಾತ್ರ ದಿನಾ ತಪ್ಪದೆ ಹಾಜರು.

ಅಳಿಯಂದಿರಿಗೂ ಬೀಗರಿಗೂ ನಮ್ಮ ಶರಣು ಹೇಳು. ನಿನ್ನ ಸಂಸಾರ ಹಸುರಾಗಿರಲಿ, ನಿನ್ನ ಬಾಗಿಲಿಗೆ ಬಂದವರು ಬಾಯಾರಿ ತಿರುಗದಿರಲಿ.

ಇತಿ ನಿನ್ನ ಅಪ್ಪ,
ಗುರುಸಂಗಪ್ಪ

ತಾ.ಕ.: ಹೂವಪ್ಪ ಮನೆಯಲ್ಲಿಲ್ಲ. ಆ ಸೋಮವಾರವೇ ಹೋದ. "ಅಪ್ಪಾ, ಮಂದಿಯೊಳಗ ನನ್ನ ಕೈಯಾಗಿನ ತಂಬಿಗಿ ಕಸಗೊಂಡೀ. ಸಾವಕಾರ್ರು ನನ್ನ ದನಿಗೆ ಜರದ ರುಮಾಲ ಸುತ್ತ್ಯಾರ," ಅಂದ. ಈಗ ಅವರ ಮನೆಯಲ್ಲೇ ಊಟ, ಅಲ್ಲೇ ನಿದ್ದೆ. ಸಾವಕಾರರ ಗಾಡಿ ಹೊರಟರೆ ಮುಂದೆ ಮುಂದೆ ನಡೆದು ಬಿರುದು ಕೂಗುತ್ತಾನೆ. ನಿನ್ನೆ ನಮ್ಮ ಬಾಗಿಲ ಮುಂದೆಯೇ ಹೋದ. ಕೂಗುವುದನ್ನು ನಿಲ್ಲಿಸಲಿಲ್ಲ, ಈ ಕಡೆ ನೋಡಲೂ ಇಲ್ಲ. ನಿಮ್ಮವ್ವ ಕದಕ್ಕೆ ಕಿವಿ ಇಟ್ಟು ಕೇಳಿ, "ಹುಡುಗನ ದನಿ ಒಡದೈತ್ರಿ," ಎಂದಳು. ಖರೇ, ಒಡೆದಿದೆ. ಕಾಶೀಂಸಾಬ ತಿರುಗಿ ಬರುವಾಗ ಅವನ ಕೈಯಲ್ಲಿ ಸ್ವಲ್ಪ ಜೇಷ್ಠಮಧು ಕೊಟ್ಟು ಕಳಿಸು. ಅಕ್ಕ ಕಳಿಸಿದ್ದೆಂದು ಸೀದಾ ಹೂವಪ್ಪನಿಗೇ ಮುಟ್ಟಿಸಲಿ, ನನ್ನ ಹೆಸರು ಬೇಡ. ಸಣ್ಣ ಸಣ್ಣ ತುಂಡು ಮಾಡಿ ಕಟ್ಟು; ಇಡೀ ಬೇರಾದರೆ ಅವನು ಜಗಿಯುವುದಿಲ್ಲ.